‘ಅನಾಮಧೇಯ’ ಎಂದರೆ ಹೆಸರಿಲ್ಲದವನು, ಹೆಸರು ಕಟ್ಟಿಕೊಂಡವನಲ್ಲ

ನಳದ ನೀರು, ಚಿಗರಿ ಬಸ್ಸಿನ ನೂಕುನುಗ್ಗಲು, ಕಳೆದುಹೋದ ಬೆಕ್ಕು ಮೊದಲಾದ ಹುಬ್ಬಳ್ಳಿ-ಧಾರವಾಡದ ಸಂಗತಿಗಳ ಮಾತುಕತೆಗೆಂದೇ ಇರುವ ಒಂದು ಫೇಸ್‌ಬುಕ್ ಗುಂಪಿನಲ್ಲಿ ‘ಪೇಢೆ ಪರಸ್ಯಾ’ ಎಂಬ ಹೆಸರಿನಿಂದ ಒಬ್ಬರು ಆರು ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಅವರು ಯಾರ ಮನೆಯ ಮಗನೋ ಮಗಳೋ ನನಗೆ ತಿಳಿಯದು. ಆದರೆ ಪರಸ್ಯಾನಿಗೆ ಅತ್ತೆಯೆಂದರೆ ಅಂಜಿಕೆ, ಬೀಗರೆಂದರೆ ಖರ್ಚಿನ ಚಿಂತೆ, ಬಿಟ್ಟಿ ಚಹಾ ಸಿಗುವುದಾದರೆ ಎಷ್ಟು ದೂರವಾದರೂ ನಡೆಯುವ ಹುರುಪು ಎಂಬುದು ಗುಂಪಿನ ಎಲ್ಲರಿಗೂ ಗೊತ್ತು. ಕಳೆದ ತಿಂಗಳು ಅವರ ಒಂದು ಚಟಾಕಿಯಿಂದ ಯಾರಿಗೋ ಇರಿಸುಮುರಿಸಾಗಿ, ‘ಇಂಥ ಅನಾಮಧ್ಯೇಯರ ಮಾತಿಗೆ ಸದಸ್ಯರು ಬೆಲೆ ಕೊಡಬಾರದು’ ಎಂಬ ಸೂಚನೆಯನ್ನು ಗುಂಪಿನ ನಿರ್ವಾಹಕರು ತೂಗುಹಾಕಿದರು. ಆರು ವರ್ಷದ ಹೆಸರಿರುವವನಿಗೆ ಹೆಸರಿಲ್ಲದವನೆಂಬ ಬಿರುದು, ಅದೂ ತಪ್ಪು ಕಾಗುಣಿತದಲ್ಲಿ. ಈ ಪದದ ದುರ್ಬಳಕೆಯನ್ನು ಪತ್ರಿಕೆಗಳಲ್ಲಿ, ಟಿವಿಯ ಅಡಿಬರಹಗಳಲ್ಲಿ ನೋಡಿ ನೋಡಿ ಸುಮ್ಮನಿದ್ದವನಿಗೆ ಈ ಸಲ ಸುಮ್ಮನಿರಲಾಗಲಿಲ್ಲ.

ಮೊದಲು ಕಾಗುಣಿತ. ಈ ಪದದಲ್ಲಿ ‘ಧ್ಯೇಯ’ ಇಲ್ಲ. ‘ಅನಾಮಧ್ಯೇಯ’ ಎಂದು ಬರೆದರೆ, ಹೆಸರು ಗಳಿಸುವುದು ಯಾರ ಗುರಿಯಲ್ಲವೋ ಅವನು ಎಂಬ ಅರ್ಥವನ್ನು ಬೇಕಾದರೆ ಎಳೆದು ತರಬಹುದು; ಅಂಥವರು ಸಾಧುಸಂತರಲ್ಲಿ ಸಿಕ್ಕಾರು, ಫೇಸ್‌ಬುಕ್ಕಿನಲ್ಲಿ ಸಿಗುವುದು ಕಷ್ಟ. ಮಹಾಪ್ರಾಣವನ್ನು ಬಿಟ್ಟು ‘ಅನಾಮದೇಯ’ ಎಂದು ಬರೆಯುವವರೂ ಇದ್ದಾರೆ. ‘ದೇಯ’ ಎಂದರೆ ಕೊಡತಕ್ಕದ್ದು, ಅದು ಸಾಲದ ಲೆಕ್ಕದಲ್ಲಿ ಬರುವ ಮಾತು. ಸರಿಯಾದ ರೂಪ ‘ಅನಾಮಧೇಯ’. ಇಲ್ಲಿರುವ ‘ಧೇಯ’ ಸಂಸ್ಕೃತದ ಒಂದು ಪ್ರತ್ಯಯ. ಭಾಗ, ರೂಪ, ನಾಮ ಎಂಬ ಮೂರು ಶಬ್ದಗಳಿಗೆ ಅದು ಹತ್ತುತ್ತದೆಂದು ಪಾಣಿನಿಯ ಸೂತ್ರಗಳಿಗೆ ಸೇರಿದ ವಾರ್ತಿಕವೊಂದು ಹೇಳುತ್ತದೆ. ಹತ್ತಿದರೂ ಅದು ಅರ್ಥಕ್ಕೆ ಏನನ್ನೂ ಕೂಡಿಸುವುದಿಲ್ಲ: ಭಾಗಧೇಯವೆಂದರೆ ಭಾಗವೇ, ರೂಪಧೇಯವೆಂದರೆ ರೂಪವೇ, ನಾಮಧೇಯವೆಂದರೆ ನಾಮವೇ. ಶಬ್ದವನ್ನು ಅದರ ಸ್ವಂತ ಅರ್ಥದಲ್ಲಿಯೇ ಉಳಿಸುವ ಇಂಥ ಪ್ರತ್ಯಯಕ್ಕೆ ವೈಯಾಕರಣರು ‘ಸ್ವಾರ್ಥ ಪ್ರತ್ಯಯ’ ಎನ್ನುತ್ತಾರೆ. ಏನನ್ನೂ ಕೇಳದೆ ಬೆನ್ನಿಗೆ ನಿಲ್ಲುವ ಈ ಪಾಪದ ಧೇಯಕ್ಕೆ ಆ ಹೆಸರು ಬಂದದ್ದು ವ್ಯಾಕರಣದ ವಿನೋದವೇ ಸರಿ. ನಾಟಕ ಕಂಪನಿಯ ರಾಜನು ‘ತಮ್ಮ ನಾಮಧೇಯವೇನು?’ ಎಂದು ಕೇಳಿದಾಗ ಅವನು ಕೇಳುವುದು ಬರೇ ಹೆಸರನ್ನು. ಜರತಾರಿ ರುಮಾಲು ಸುತ್ತಿಕೊಂಡು ಕೇಳುತ್ತಾನೆ, ಅಷ್ಟೇ.

ಹೀಗಾಗಿ ಅನಾಮಧೇಯವೆಂದರೆ ಹೆಸರಿಲ್ಲದ್ದು. ಹೆಸರು ಮರೆಸಿದ್ದು, ಸುಳ್ಳು ಹೆಸರಿನದು, ಗುರುತು ಸಿಗದ್ದು ಎಂಬ ಅರ್ಥಗಳು ಅದರಲ್ಲಿಲ್ಲ. ರೈಲು ಹಳಿಯ ಬದಿಯಲ್ಲಿ ಸಿಕ್ಕ ‘ಅನಾಮಧೇಯ ಶವ’ಕ್ಕೆ ನಿಜವಾಗಿ ಒಂದು ಹೆಸರಿದ್ದೇ ಇರುತ್ತದೆ, ಅದು ಪೊಲೀಸರಿಗೆ ತಿಳಿದಿಲ್ಲ, ಆದ್ದರಿಂದ ಅದು ಅಪರಿಚಿತ ಶವ.

‘ಅನಾಮಿಕ’ ಎಂಬುದನ್ನು ಇದಕ್ಕೆ ಸಮಾನಾರ್ಥಕವೆಂದು ಧಾರಾಳವಾಗಿ ಬಳಸುವವರಿಗೆ ಆ ಪದದ ಇತಿಹಾಸ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಸಂಸ್ಕೃತದಲ್ಲಿ ಅನಾಮಿಕಾ ಎಂದರೆ ಉಂಗುರದ ಬೆರಳು. ಹೆದರಿಸುವ ಬೆರಳಿಗೆ ತರ್ಜನಿ, ನಡುವಿನದಕ್ಕೆ ಮಧ್ಯಮಾ, ಕಿರಿಯದಕ್ಕೆ ಕನಿಷ್ಠಿಕಾ ಎಂದು ಹೆಸರಿಟ್ಟವರು ನಾಲ್ಕನೆಯದಕ್ಕೆ ಹೆಸರಿಡದೆ ಬಿಟ್ಟರು. ಕವಿಗಳನ್ನು ಎಣಿಸಲು ಕೂತವನು ಕಿರುಬೆರಳಿಗೆ ಕಾಳಿದಾಸನನ್ನು ಎಣಿಸಿ, ಅವನಿಗೆ ಸರಿಸಾಟಿಯಾದ ಎರಡನೆಯವನು ಸಿಗದೆ ಮುಂದಿನ ಬೆರಳನ್ನು ಹಾಗೇ ಬಿಟ್ಟನೆಂದೂ, ಅಂದಿನಿಂದ ಅನಾಮಿಕೆಯ ಹೆಸರು ಸಾರ್ಥಕವಾಯಿತೆಂದೂ ಒಂದು ಸುಭಾಷಿತವಿದೆ. ಆ ಸುಭಾಷಿತವಾದರೂ ಕರ್ತೃವಿನ ಹೆಸರಿಲ್ಲದೆಯೇ ಬಾಯಿಂದ ಬಾಯಿಗೆ ಬಂದಿದೆ; ಅದನ್ನು ಬರೆದವರಿಗೆ ‘ಅನಾಮಧೇಯ ಕವಿ’ ಎಂದು ಯಾರಾದರೂ ಹೇಳಿದರೆ ನನ್ನ ತಕರಾರಿಲ್ಲ. ಕನ್ನಡದಲ್ಲಿ ಈ ಪದಕ್ಕೆ ಇನ್ನೂ ಕಹಿಯಾದ ಅರ್ಥವೊಂದಿತ್ತು. ಹಳೆಯ ಕಾವ್ಯಗಳಲ್ಲಿ ಅನಾಮಿಕನೆಂದರೆ ಊರ ಹೊರಗಿಟ್ಟ ಮನುಷ್ಯ, ಅಸ್ಪೃಶ್ಯನೆನಿಸಿಕೊಂಡವನು. ಅವನು ತನ್ನ ಹೆಸರನ್ನು ಬಚ್ಚಿಟ್ಟುಕೊಂಡಿರಲಿಲ್ಲ. ಅವನ ಹೆಸರು ಹಿಡಿದು ಕರೆಯುವ ಗರಜು ಊರಿಗೆ ಇರಲಿಲ್ಲ. ಮೋಜಿಗಾಗಿ ಮೊಬೈಲಿನಲ್ಲಿ ಹೆಸರು ಬದಲಿಸಿಕೊಂಡವನಿಗೆ ಈ ಪದವನ್ನು ಅಂಟಿಸುವಾಗ ನನಗೆ ಯಾವಾಗಲೂ ಕಸಿವಿಸಿಯಾಗುತ್ತದೆ.

ನಿಜವಾದ ಅನಾಮಧೇಯ ಬರವಣಿಗೆಯ ಅತ್ಯುತ್ತಮ ಮಾದರಿ ನಮ್ಮ ಕಚೇರಿಗಳಲ್ಲಿದೆ, ಅದಕ್ಕೆ ಕನ್ನಡದಲ್ಲಿ ಬಹಳ ಸೊಗಸಾದ ಹೆಸರೂ ಇದೆ: ಮೂಗರ್ಜಿ. ಅರ್ಜಿ ಮಾತಾಡುತ್ತದೆ, ಅರ್ಜಿದಾರ ಮೂಗ. ಮರಳಿ ಏನಾದರೂ ಕೇಳಬೇಕೆಂದರೆ ಕೇಳಿಸಿಕೊಳ್ಳುವವರಿಲ್ಲ. ಹೀಗೆ ಮರುಪ್ರಶ್ನೆಗೆ ಸಿಗದಿರುವುದೇ ಅನಾಮಧೇಯತೆಯ ತಿರುಳು. 1999ರ ಜೂನ್‌ನಲ್ಲಿ ಕೇಂದ್ರ ಜಾಗೃತ ಆಯೋಗವು ಇಂಥ ದೂರುಗಳ ಮೇಲೆ ಕ್ರಮ ಕೈಗೊಳ್ಳಬಾರದೆಂದು ಸುತ್ತೋಲೆ ಹೊರಡಿಸಿದಾಗ, ಹೆಸರಿಲ್ಲದ ದೂರು ಮತ್ತು ಸುಳ್ಳು ಹೆಸರಿನ ದೂರು ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿತು. ಎರಡನ್ನೂ ಕಸದ ಬುಟ್ಟಿಗೇ ಕಳಿಸಿದ ಸರಕಾರಕ್ಕೂ ಅವು ಒಂದೇ ಅಲ್ಲವೆಂಬುದು ತಿಳಿದಿತ್ತು. ಇನ್ನು ಪಾರಸಿಯಿಂದ ಬಂದ ‘ಬೇನಾಮಿ’ಯ ಮೂಲಾರ್ಥವೂ ಹೆಸರಿಲ್ಲದ್ದು ಎಂದೇ, ಆದರೆ ಬಳಕೆಯಲ್ಲಿ ಅದು ಇನ್ನೊಬ್ಬರ ಹೆಸರಿನಲ್ಲಿರುವ ಆಸ್ತಿಯಾಗಿ, 1988ರ ಕಾಯಿದೆಯೊಳಗೂ ಅದೇ ಅರ್ಥದಲ್ಲಿ ಹೋಗಿ ಕುಳಿತಿತು. ಬೇರೆಯವರ ಫೋಟೋ ಹಚ್ಚಿ, ಅವರದೇ ಹೆಸರಿನಲ್ಲಿ ಅವರ ಬೀಗರಿಗೆ ಹಣ ಕೇಳುವ ಖಾತೆಯನ್ನೂ ‘ಅನಾಮಧೇಯ ಖಾತೆ’ ಎನ್ನುವವರಿದ್ದಾರೆ. ಅದು ಸೋಗು. ಕಂಪ್ಯೂಟರ್ ಬಳಸಿ ಇನ್ನೊಬ್ಬರ ಸೋಗಿನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. ಪರಸ್ಯಾನ ಚಟಾಕಿಗೆ ಆ ಕಲಮು ಹತ್ತುವುದಿಲ್ಲ.

ಪರಸ್ಯಾ ಮಾಡಿದ್ದು ಈ ಸೀಮೆಗೆ ಹೊಸದೇನಲ್ಲ. ಹುಟ್ಟಿದಾಗ ಇಟ್ಟ ಹೆಸರನ್ನು ಬದಿಗಿಟ್ಟು, ಬರವಣಿಗೆಗೆಂದೇ ಬೇರೆ ಹೆಸರನ್ನು ಕಟ್ಟಿಕೊಳ್ಳುವುದು ಇಲ್ಲಿ ಎಷ್ಟು ಸಾಮಾನ್ಯವೆಂದರೆ, ಮೂಲ ಹೆಸರನ್ನು ಹೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಸಾಧನಕೇರಿಯ ದ.ರಾ. ಬೇಂದ್ರೆಯವರು ಕವಿಯಾಗಿ ಅಂಬಿಕಾತನಯದತ್ತರು. ತಾಯಿಯ ಹೆಸರಿನಿಂದ ತನ್ನನ್ನು ಗುರುತಿಸಿಕೊಂಡ ಆ ಹೆಸರಿನಲ್ಲಿ ಅಡಗುವ ಉದ್ದೇಶ ಕಿಂಚಿತ್ತೂ ಇರಲಿಲ್ಲ. ಸವಣೂರಿನ ವಿ.ಕೃ. ಗೋಕಾಕರು ವಿನಾಯಕ, ನಾಟಕಕಾರ ಆದ್ಯ ರಂಗಾಚಾರ್ಯರು ಶ್ರೀರಂಗ. ಪಾಟೀಲ ಪುಟ್ಟಪ್ಪನವರು ಮೊದಲಕ್ಷರಗಳನ್ನು ಕೂಡಿಸಿಕೊಂಡು ‘ಪಾಪು’ ಆದರು. ಕೂಸಿನ ಹೆಸರಿಟ್ಟುಕೊಂಡ ಆ ಪತ್ರಕರ್ತರ ಲೇಖನಿಗೆ ಮಂತ್ರಿಗಳು ಅಂಜುತ್ತಿದ್ದರೆಂಬುದರಲ್ಲಿಯೇ ಒಂದು ನಗೆಯಿದೆ. ಇನ್ನೂ ಹಿಂದಕ್ಕೆ ಹೋದರೆ, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ನಾರಣಪ್ಪ ಉಳಿದದ್ದು ಕುಮಾರವ್ಯಾಸನೆಂಬ ಹೆಸರಿನಲ್ಲಿ.

ಅಂಕಿತದ ಸಂಗತಿ ಇದಕ್ಕಿಂತ ಸ್ವಾರಸ್ಯಕರವಾದದ್ದು. ಕನಕದಾಸರ ಕೀರ್ತನೆಯ ಕೊನೆಗೆ ಬರುವುದು ಕಾಗಿನೆಲೆಯ ಆದಿಕೇಶವ, ಶರೀಫ ಸಾಹೇಬರ ಪದದ ಕೊನೆಗೆ ಬರುವುದು ಶಿಶುನಾಳಧೀಶ. ಎರಡೂ ಬರೆದವರ ಹೆಸರಲ್ಲ, ದೇವರ ಹೆಸರು. ಬರೆದವರ ಹೆಸರೇ ಇಲ್ಲದ ಈ ಹಾಡುಗಳನ್ನು ಅನಾಮಧೇಯವೆನ್ನುವ ಧೈರ್ಯ ಯಾರಿಗಿದೆ? ಅಂಕವೆಂದರೆ ಗುರುತು, ಅಂಕಿತವೆಂದರೆ ಗುರುತು ಒತ್ತಿದ್ದು. ಗುರುತು ಸಿಗಲು ಹುಟ್ಟುಹೆಸರೇ ಬೇಕೆಂದಿಲ್ಲ. ಇದಕ್ಕೆ ತಿರುವುಮುರುವಾಗಿ ನಿಂತವನು ಅಂಬಿಗರ ಚೌಡಯ್ಯ. ರಾಣೆಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಚೌಡದಾನಪುರ ಅವನ ಹೆಸರನ್ನು ಇಂದಿಗೂ ಹೊತ್ತಿದೆ. ಉಳಿದ ಶರಣರು ದೇವರ ಹೆಸರಿನಲ್ಲಿ ಅಂಕಿತ ಹಾಕಿದರೆ ಅವನು ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತ ಮಾಡಿಕೊಂಡ, ಮತ್ತು ಎಲ್ಲರಿಗಿಂತ ಖಾರವಾಗಿ ಬೈದ. ಹೆಸರು ಮುಚ್ಚಿಕೊಂಡವರು ಮಾತ್ರ ಬೈಯುತ್ತಾರೆ, ಹೆಸರು ಹೇಳುವವರು ಸಭ್ಯರಾಗಿರುತ್ತಾರೆ ಎಂಬ ವಾದ ಹೂಡುವವರು ಅವನ ವಚನಗಳನ್ನು ಒಮ್ಮೆ ಓದಬೇಕು. ಅಂತರ್ಜಾಲದ ಹೆಸರಿಗೂ ಅಂಕಿತ ಎನ್ನೋಣವೆಂದು ನನಗೊಮ್ಮೆ ಅನಿಸಿತ್ತು. ಆದರೆ ಹರಿದಾಸರಿಗೆ ಅಂಕಿತವನ್ನು ಗುರು ಕೊಡುತ್ತಿದ್ದ, ಇಲ್ಲಿ ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ; ಆದ್ದರಿಂದ ಆ ವಿಚಾರವನ್ನು ಬಿಟ್ಟಿದ್ದೇನೆ. ‘ಗುಪ್ತನಾಮ’ ಸಾಕು.

ಗುಪ್ತನಾಮದ ಹಿಂದಿನ ಮನುಷ್ಯ ಎಷ್ಟು ದಿನ ಗುಪ್ತನಾಗಿರುತ್ತಾನೆ ಎಂಬುದು ಬೇರೆ ಪ್ರಶ್ನೆ. ಹಾವೇರಿ ಜಿಲ್ಲೆಯ ಹಾನಗಲ್ಲನ್ನು ವಿರಾಟನಗರವೆಂದು ಕರೆಯುವ ವಾಡಿಕೆ ಹಳೆಯದು. ಅಜ್ಞಾತವಾಸದಲ್ಲಿ ಅಲ್ಲಿಗೆ ಬಂದ ಪಾಂಡವರು ಹೆಸರಿಲ್ಲದೆ ಇರಲಿಲ್ಲ. ಕಂಕ, ವಲಲ, ಬೃಹನ್ನಳೆ ಎಂದು ಸೊಗಸಾದ ಹೆಸರುಗಳನ್ನೇ ಇಟ್ಟುಕೊಂಡಿದ್ದರು. ಭೀಮ ಅಡುಗೆಮನೆ ಸೇರಿದನೆಂದರೆ, ವೇಷದಲ್ಲಿಯೂ ಅವನು ತನ್ನ ಹೊಟ್ಟೆಯ ವಿಚಾರ ಮರೆತಿರಲಿಲ್ಲ ಎಂದಾಯಿತು. ಕೊನೆಗೆ ಕೀಚಕ ಸತ್ತ ಬಗೆಯನ್ನು ಕೇಳಿಯೇ ಹಸ್ತಿನಾವತಿಯಲ್ಲಿ ಗುಮಾನಿ ಎದ್ದಿತು: ಹೆಸರು ವಲಲನದಾದರೂ ಗುದ್ದು ಭೀಮನದು. ಬರವಣಿಗೆಯಲ್ಲಿಯೂ ಹೀಗೆಯೇ. ಹೆಸರು ಬದಲಿಸಬಹುದು, ಪ್ರತಿ ವಾಕ್ಯದ ತುದಿಗೆ ‘ಅಲ್ಲೇನ್ರೀ’ ಹಚ್ಚುವ ರೂಢಿಯನ್ನು ಬದಲಿಸುವುದು ಕಷ್ಟ. ರಂಗಪಂಚಮಿಯ ದಿನ ಹುಬ್ಬಳ್ಳಿಯ ಓಣಿಯಲ್ಲಿ ಮುಖಕ್ಕೆಲ್ಲ ಬೆಳ್ಳಿಬಣ್ಣ ಮೆತ್ತಿಕೊಂಡು ಬಂದವನು ನಿಮ್ಮನ್ನು ನಾಲ್ಕು ಮಾತು ಛೇಡಿಸುತ್ತಾನೆ. ಕಣ್ಣು ಹಲ್ಲುಗಳ ಹೊರತು ಏನೂ ಕಾಣದಿದ್ದರೂ, ನಗುವಾಗ ಬರುವ ಕೆಮ್ಮಿನಿಂದಲೇ ಇವನು ಎದುರುಮನೆಯ ಹಿರಿಯನೆಂದು ತಿಳಿಯುತ್ತದೆ, ತಿಳಿದೂ ತಿಳಿಯದವರ ಹಾಗೆ ಇರುವುದೇ ಆ ದಿನದ ರಿವಾಜು.

ಈ ಅಂತರ ಎದ್ದು ಕಾಣುವುದು ನಗೆಯಲ್ಲಿ. ನಿರ್ವಾಹಕರಿಗೆ ಸಿಟ್ಟು ತರಿಸಿದ ಪರಸ್ಯಾನ ಮಾತು ಇದು: ‘ನಳಾ ಬಂತಂತ ಬೀಗರನ್ನ ಕರದ್ವಿ. ಬೀಗರು ಬರೂದ್ರಾಗ ನಳಾ ಹೋತು. ಈಗ ಮತ್ತ ನಳಾ ಬರೂತನಕಾ ಬೀಗರು ನಮ್ಮನ್ಯಾಗ ಅದಾರ.’ ಇದೇ ಮಾತನ್ನು ಯಾವ ಹೆಸರೂ ಇಲ್ಲದೆ ಓದಿದರೆ ಅದು ನೀರಿನ ಬಗೆಗಿನ ಸಾವಿರದ ಒಂದನೆಯ ದೂರು. ಪರಸ್ಯಾನ ಬಾಯಲ್ಲಿ ಅದು ಬೇರೆಯೇ ಆಗುತ್ತದೆ, ಏಕೆಂದರೆ ಆರು ವರ್ಷಗಳಿಂದ ಬೀಗರ ಖರ್ಚಿಗೆ ಹೆದರಿಕೊಂಡು ಬಂದ ಮನುಷ್ಯ ಅವನು. ‘ಬೀಗರನ್ನ ಕರದ್ವಿ’ ಎಂಬಲ್ಲಿಗೆ ಬರುವಷ್ಟರಲ್ಲಿಯೇ ಓದುವವರ ತುಟಿ ಅರಳಿರುತ್ತದೆ. ಬೀಚಿಯವರ ತಿಂಮ ಬಾಯಿ ತೆರೆಯುವ ಮೊದಲೇ ನಾವು ನಗಲು ಸಿದ್ಧರಾಗುವುದೂ ಇದರಿಂದಲೇ. ಅಂದಹಾಗೆ, ಭೀಮಸೇನರಾಯರು ತಮ್ಮ ‘ಬೀಚಿ’ ಎಂಬ ಹೆಸರನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹೆಸರನ್ನೇ ಮೊದಲ ನಗೆಹನಿ ಮಾಡಿದ್ದರು. ಪಾತ್ರದಿಂದ ಹುಟ್ಟುವ ಇಂಥ ಹಾಸ್ಯಕ್ಕೆ ನಿಂತ ಹೆಸರು ಬೇಕು. ಹುಟ್ಟುಹೆಸರೇ ಆಗಬೇಕೆಂದಿಲ್ಲ, ಆದರೆ ನಿನ್ನೆಯದೂ ನಾಳಿನದೂ ಅದೇ ಆಗಿರಬೇಕು.

ಅನಾಮಧೇಯ ಹಾಸ್ಯವೂ ಇಲ್ಲದಿಲ್ಲ, ಅದರ ಜಾತಿ ಬೇರೆ. ಗಾದೆ, ಒಡಪು, ಬೀಸುವ ಕಲ್ಲಿನ ಮುಂದೆ ಗಂಡನ ಮನೆಯವರನ್ನು ಹಂಗಿಸುವ ತ್ರಿಪದಿ ಇವೆಲ್ಲ ಯಾರವೂ ಅಲ್ಲ, ಆದ್ದರಿಂದಲೇ ಎಲ್ಲರವು. 2003ರಲ್ಲಿ ಶುರುವಾದ ಅಮೆರಿಕದ ‘ಫೋರ್‌ಚಾನ್’ ಎಂಬ ತಾಣದಲ್ಲಿ ಹೆಸರು ತುಂಬದೆ ಬರೆದವರೆಲ್ಲರಿಗೂ ‘ಅನಾನಿಮಸ್’ ಎಂಬ ಒಂದೇ ಹೆಸರು ಬೀಳುತ್ತದೆ. ಒಬ್ಬನ ಮಾತೆಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಯಿತೆಂದು ಹೇಳುವುದೇ ಕಷ್ಟ. ಅಲ್ಲಿಂದ ಹೊರಬಿದ್ದ ಎಷ್ಟೋ ಮೀಮ್‌ಗಳಿಗೆ ಕರ್ತೃಗಳಿಲ್ಲ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಆದರೆ ಅಂಥ ತಾಣದಲ್ಲಿಯೂ ‘ಮೊನ್ನೆ ಮಾತಾಡಿದವನು ನಾನೇ’ ಎಂದು ರುಜುವಾತು ಮಾಡಬಯಸುವವರಿಗೆ ‘ಟ್ರಿಪ್‌ಕೋಡ್’ ಎಂಬ ಗುಪ್ತ ಮುದ್ರೆಯ ಏರ್ಪಾಡಿದೆ. ಅದನ್ನು ಹಚ್ಚಿಕೊಂಡ ಗಳಿಗೆಯಿಂದ ಆತ ಅನಾಮಧೇಯನಲ್ಲ, ಗುಪ್ತನಾಮಿ. ಅದಕ್ಕಿಂತ ಹಳೆಯದಾದ ‘ಸ್ಲ್ಯಾಶ್‌ಡಾಟ್’ ತಾಣದಲ್ಲಿ, ಖಾತೆಯೊಳಗೆ ಬರದೆ ಬರೆಯುವವನಿಗೆ ‘ಹೆಸರಿಲ್ಲದ ಹೇಡಿ’ ಎಂಬರ್ಥದ ಇಂಗ್ಲಿಷ್ ಬಿರುದು ತಾನಾಗಿಯೇ ಬೀಳುತ್ತಿತ್ತು. ಎಂಥದೇ ವಿಚಿತ್ರ ಹೆಸರಿನ ಖಾತೆಯಿದ್ದರೂ ಆ ಬಿರುದು ತಪ್ಪುತ್ತಿತ್ತು. ವಿಕಿಪೀಡಿಯದಲ್ಲಂತೂ ಖಾತೆ ತೆರೆಯದೆ ತಿದ್ದಿದವರನ್ನು ಬಹಳ ವರ್ಷ ಅನಾಮಧೇಯರೆಂದು ಕರೆದು, ಅವರ ಅಂತರ್ಜಾಲ ಸಂಪರ್ಕದ ಗುರುತುಸಂಖ್ಯೆಯಾದ ಐಪಿ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಲಾಗುತ್ತಿತ್ತು. ಗುಪ್ತನಾಮ ಇಟ್ಟುಕೊಂಡವರೇ ಅವರಿಗಿಂತ ಭದ್ರವಾಗಿದ್ದರು.

ಇಷ್ಟನ್ನೂ ಸಂಕ್ಷೇಪಿಸಿ ನಾನು ನಿರ್ವಾಹಕರಿಗೆ ಬರೆದೆ. ಅವರು ಮೈಸೂರು ಕಡೆಯವರು, ಒಳ್ಳೆಯವರು. ಕಾಗುಣಿತ ತಿದ್ದಿ, ಇನ್ನು ಮುಂದೆ ಸದಸ್ಯರೆಲ್ಲರೂ ‘ಹೆಸರು ಮತ್ತು ಅಡ್ಡಹೆಸರು’ ನಮೂದಿಸಬೇಕೆಂದು ಒಂದು ನಮೂನೆಯನ್ನು ಹಾಕಿದರು. ಅವರ ಕಡೆ ಅಡ್ಡಹೆಸರೆಂದರೆ ಗೆಳೆಯರು ಕೀಟಲೆಗೆ ಇಟ್ಟದ್ದು. ನಮ್ಮ ಕಡೆ ಅಡ್ಡಹೆಸರೆಂದರೆ ಮನೆತನದ ಹೆಸರು, ಶಾಲೆಯ ದಾಖಲೆಯಲ್ಲಿರುವುದು. ಎರಡೇ ದಿನದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ತುಪ್ಪದ, ಬೆಲ್ಲದ, ಅಕ್ಕಿ ಎಂದು ನಮೂನೆಗಳು ತುಂಬಿ ಬಂದವು. ಸದಸ್ಯರು ಚೇಷ್ಟೆ ಮಾಡುತ್ತಿದ್ದಾರೆಂದು ನೊಂದುಕೊಂಡ ನಿರ್ವಾಹಕರು ಅವುಗಳಲ್ಲಿ ಅರ್ಧವನ್ನು ತಿರಸ್ಕರಿಸಿದ್ದಾರೆ. ನನ್ನದೂ ಅದರಲ್ಲಿ ಹೋಗಿದೆ. ಪರಸ್ಯಾ ಮಾತ್ರ ಹೆಸರಿನ ಖಾನೆಯಲ್ಲಿ ‘ಪರಸ್ಯಾ’ ಎಂದೂ ಅಡ್ಡಹೆಸರಿನ ಖಾನೆಯಲ್ಲಿ ‘ಪೇಢೆ’ ಎಂದೂ ಬರೆದು ಕಳಿಸಿದ್ದರು. ಅದು ಮಂಜೂರಾಗಿದೆ.