ರಾಯಚೂರಿನ ಬಿಸಿಲಿಗೆ ಡುವೆಟ್ ಬೇಕಾ, ಕಂಫರ್ಟರ್ ಸಾಕಾ?

ಪ್ರಶ್ನೆ: ನಾವು ರಾಯಚೂರಿನವರು. ಈ ವರ್ಷ ಬೆಡ್‌ರೂಮಿಗೆ ಎಸಿ ಹಾಕಿಸಿದ್ದೇವೆ. ರಾತ್ರಿ ಹೊದ್ದುಕೊಳ್ಳೋಕೆ ಏನಾದರೂ ಒಳ್ಳೆಯದು ತಗೋಬೇಕು. ಆನ್‌ಲೈನಲ್ಲಿ ನೋಡಿದರೆ ಕಂಫರ್ಟರ್, ಡುವೆಟ್, ಡುವೆಟ್ ಕವರ್, ದೋಹರ್ ಅಂತ ನಾನಾ ಹೆಸರು. ಯಾವುದು ತಗೊಳ್ಳಲಿ? ಕವರ್ ಹಾಕಿದರೆ ಒಳಗಿನದು ಮುದ್ದೆಯಾಗಿ ಒಂದು ಮೂಲೆಗೆ ಸೇರುತ್ತೆ ಅಂತಾರೆ, ನಿಜಾನಾ?

ಉತ್ತರ: ನಿಮ್ಮೂರಿಗೆ ತೆಳುವಾದ ಹೊದಿಕೆ ಸಾಕು. ದುಡ್ಡು ಹಾಕಬೇಕಾದ್ದು ಕವರಿಗೆ. ಅಂಗಡಿಯಲ್ಲಿ ಇದನ್ನು ಉಲ್ಟಾ ಹೇಳುತ್ತಾರೆ. ಎಷ್ಟು ದಪ್ಪವೋ ಅಷ್ಟು ಒಳ್ಳೆಯದು ಅಂತ ಮೆತ್ತಗಿನ ದೊಡ್ಡ ಕಟ್ಟನ್ನು ಮುಂದಿಡುತ್ತಾರೆ. ಆ ದಪ್ಪ ಶಿಮ್ಲಾಕ್ಕೆ ಸರಿ, ರಾಯಚೂರಿಗಲ್ಲ.

ಕಂಫರ್ಟರ್ ಅಂದರೆ ಎರಡು ಬಟ್ಟೆಯ ನಡುವೆ ನಾರು ತುಂಬಿ, ಮೇಲೆಲ್ಲ ಹೊಲಿಗೆ ಹಾಕಿ ಮುಗಿಸಿದ ಹೊದಿಕೆ. ಬಿಚ್ಚಿ ಹಾಗೇ ಹೊದೆಯಬಹುದು. ಡುವೆಟ್ ಸಾಮಾನ್ಯವಾಗಿ ಬಿಳಿಯದು, ಅದನ್ನು ದಿಂಬಿನ ಹಾಗೆ ಒಂದು ಗವಸಿನೊಳಗೆ ಹಾಕಿ ಬಳಸಬೇಕು. ಆ ಗವಸೇ ಡುವೆಟ್ ಕವರ್. ದೋಹರ್ ಇನ್ನೂ ತೆಳು, ಸಾಮಾನ್ಯವಾಗಿ ಮೂರು ಪದರದ ಹತ್ತಿ ಬಟ್ಟೆ. ಇಷ್ಟೇ ವ್ಯತ್ಯಾಸ. ಕಂಫರ್ಟರಿಗೂ ಡುವೆಟ್ ಕವರ್ ಹಾಕಬಹುದು, ಹಾಕಲೇಬೇಕು ಅಂತ ನಾನು ಹೇಳುತ್ತೇನೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಕಿಟಕಿಯಿಂದ ಬರುವ ಧೂಳು, ಎಲ್ಲವೂ ಮೊದಲು ಮೆತ್ತುವುದು ಹೊದಿಕೆಗೇ. ಸಂಡೂರು, ತೋರಣಗಲ್ಲು ಕಡೆಯವರಿಗಂತೂ ಅದಿರಿನ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಕವರ್ ಇದ್ದರೆ ಅದನ್ನು ವಾರಕ್ಕೋ ಹದಿನೈದು ದಿನಕ್ಕೋ ಬೆಡ್‌ಶೀಟ್ ಜೊತೆ ಒಗೆದು ಹಾಕಬಹುದು. ಒಳಗಿನದನ್ನು ವರ್ಷಕ್ಕೆ ಒಂದೆರಡು ಸಲ ಒಗೆದರೆ ಸಾಕು.

ಇನ್ನು ದಪ್ಪದ ಲೆಕ್ಕ. ಪ್ಯಾಕೆಟ್ ಮೇಲೆ ಜಿಎಸ್ಎಂ ಅಂತ ಬರೆದಿರುತ್ತಾರೆ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ನಾರು ತುಂಬಿದ್ದಾರೆ ಅನ್ನೋದು ಅದರ ಅರ್ಥ. 120ರ ಆಸುಪಾಸಿನದು ಎಸಿ ರೂಮಿಗೆ ಸರಿ. 200 ಇದ್ದರೆ ನಮ್ಮ ಚಳಿಗಾಲಕ್ಕೂ ಆಗುತ್ತದೆ. ಜನವರಿಯಲ್ಲೂ ರಾಯಚೂರಿನ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಚಳಿ, ಅಲ್ವಾ? 300, 400ರದ್ದು ಸುಮ್ನೆ ಅಲ್ಮಾರಿ ತುಂಬುತ್ತದೆ. 90×100 ಇಂಚಿನ ಡಬಲ್ ಹೊದಿಕೆ 200 ಜಿಎಸ್ಎಂ ಅಂದರೆ ಒಳಗಿನ ನಾರೇ ಸುಮಾರು 1.2 ಕೆಜಿ ಇರಬೇಕು. ಕೈಯಲ್ಲಿ ಎತ್ತಿ ನೋಡಿದಾಗ ಇಡೀ ಹೊದಿಕೆಯೇ ಅಷ್ಟು ತೂಗದಿದ್ದರೆ ಪ್ಯಾಕೆಟ್ ಮೇಲಿನ ಅಂಕಿ ನಂಬಬೇಡಿ.

ಎಸಿಯನ್ನು 18ಕ್ಕೆ ಇಟ್ಟು ದಪ್ಪ ಕಂಫರ್ಟರ್ ಹೊದ್ದು ಮಲಗುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. 2020ರ ಜನವರಿಯಿಂದ ಹೊಸ ರೂಮ್ ಎಸಿಗಳು 24 ಡಿಗ್ರಿಗೇ ಶುರುವಾಗಬೇಕು ಅಂತ ಕೇಂದ್ರ ಸರ್ಕಾರದ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 24ರಿಂದ 26ರಲ್ಲಿ ತೆಳು ಹೊದಿಕೆ ಹೊದ್ದರೆ ನಿದ್ದೆಯೂ ಹಿತ, ಬಿಲ್ಲೂ ಹಿತ.

ಏಪ್ರಿಲ್ ರಾತ್ರಿ ಕರೆಂಟ್ ಹೋದಾಗ ಬಟ್ಟೆಯ ನಿಜವಾದ ಗುಣ ಗೊತ್ತಾಗುತ್ತದೆ. ಮಾರುಕಟ್ಟೆಯ ಬಹುಪಾಲು ಕಂಫರ್ಟರ್‌ಗಳು ಮೈಕ್ರೋಫೈಬರ್, ಅಂದರೆ ಪಾಲಿಯೆಸ್ಟರ್. ಹತ್ತಿ ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವವನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಹೀರುವುದಿಲ್ಲ. ಎಸಿ ನಿಂತ ಸ್ವಲ್ಪ ಹೊತ್ತಿಗೇ ಅದು ಮೈಗೆ ಅಂಟುತ್ತದೆ. ಒಳಗಿನ ನಾರು ಪಾಲಿಯೆಸ್ಟರ್ ಇದ್ದರೂ ನಡೆಯುತ್ತದೆ, ಹಗುರ, ಬೇಗ ಒಣಗುತ್ತದೆ. ಮೈಗೆ ತಾಗುವ ಕವರ್ ಮಾತ್ರ ಪೂರ್ತಿ ಹತ್ತಿಯದೇ ಇರಲಿ. ಥ್ರೆಡ್ ಕೌಂಟ್, ಅಂದರೆ ಒಂದು ಚದರ ಇಂಚಿನಲ್ಲಿರುವ ಎಳೆಗಳ ಲೆಕ್ಕ, 200ರಿಂದ 300 ಇದ್ದರೆ ಸಾಕು. ನೇಯ್ಗೆ ಪರ್ಕೇಲ್, ಅಂದರೆ ಎಳೆಗಳು ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆ, ಆದರೆ ಗಾಳಿ ಆಡುತ್ತದೆ. ಸ್ಯಾಟೀನ್ ನುಣುಪಾಗಿರುತ್ತದೆ, ಆದರೆ ಬೆಚ್ಚಗೆ ಜಾಸ್ತಿ.

ಕವರನ್ನು ಹೊಲಿಸುವುದೇ ನನಗೆ ಇಷ್ಟ. ರಾಯಚೂರು ಹತ್ತಿಯ ಊರು, ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಹೊಲಿಗೆ ಬಲ್ಲವರಿಗೆ ಇಲ್ಲಿ ಬರವಿಲ್ಲ. ಒಂದೇ ಅಳತೆಯ ಎರಡು ಹತ್ತಿ ಬೆಡ್‌ಶೀಟ್ ತಂದು ಮೂರು ಕಡೆ ಹೊಲಿಸಿ, ಕಾಲಿನ ಕಡೆ ಗುಂಡಿ ಇಡಿಸಿದರೆ ಆಯಿತು. ಆದರೆ ಹೊಲಿಸುವ ಮೊದಲು ಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ 3ರಿಂದ 5 ಪರ್ಸೆಂಟ್ ಕುಗ್ಗಬಹುದು. 100 ಇಂಚಿಗೆ 5 ಇಂಚು ಹೋದರೆ ಡುವೆಟ್ ಒಳಗೆ ಮಡಚಿ ಕೂರುತ್ತದೆ.

ಮುದ್ದೆಯಾಗುವುದು ನಿಜ. ಕಾರಣ ಎರಡೇ: ಕವರ್ ದೊಡ್ಡದಾಗಿರುವುದು, ಮೂಲೆ ಕಟ್ಟದಿರುವುದು. ಕವರ್ ಡುವೆಟ್‌ನಷ್ಟೇ ಇರಲಿ, ಒಂದೆರಡು ಇಂಚು ಚಿಕ್ಕದಾದರೂ ಸರಿ, ದೊಡ್ಡದು ಬೇಡ. ಕವರಿನ ಒಳಗೆ ನಾಲ್ಕು ಮೂಲೆಗೂ ಉದ್ದ ಬದಿಗಳ ಮಧ್ಯಕ್ಕೂ ಒಂದು ಗೇಣು ಲಾಡಿ ಹೊಲಿಸಿ. ಡುವೆಟ್‌ನ ಅದೇ ಜಾಗಗಳಲ್ಲಿ ಸಣ್ಣ ಕುಣಿಕೆ ಇರಬೇಕು. ಇಲ್ಲದಿದ್ದರೆ ಸೂಜಿ ದಾರ ತಗೊಂಡು ನೀವೇ ಹಾಕಬಹುದು. ಸೇಫ್ಟಿ ಪಿನ್ ಬೇಡ, ರಾತ್ರಿ ಬಿಚ್ಚಿಕೊಂಡು ಚುಚ್ಚುತ್ತದೆ.

ಕವರ್ ಹಾಕುವುದು ಒಬ್ಬರಿಂದಲೇ ಆಗುವ ಕೆಲಸ. ಕವರನ್ನು ಒಳಮೈ ಹೊರಗೆ ಮಾಡಿ ಮಂಚದ ಮೇಲೆ ಹಾಸಿ, ಬಾಯಿ ಕಾಲಿನ ಕಡೆ ಇರಲಿ. ಅದರ ಮೇಲೆ ಡುವೆಟ್ ಹಾಸಿ ತಲೆ ಕಡೆಯ ಮೂಲೆಗಳನ್ನೂ ಬದಿಗಳನ್ನೂ ಲಾಡಿಯಿಂದ ಕಟ್ಟಿ. ಈಗ ಎರಡನ್ನೂ ಒಟ್ಟಿಗೆ ತಲೆ ಕಡೆಯಿಂದ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತಾ ಬನ್ನಿ. ಕೊನೆಗೆ ಬಂದಾಗ ಕವರಿನ ಬಾಯಿಗೆ ಕೈ ಹಾಕಿ, ಸುರುಳಿಯ ಎರಡೂ ತುದಿ ಒಳಗೆ ಹೋಗುವಂತೆ ಬಾಯಿಯನ್ನು ಮಗುಚಿ. ಕಾಲಿನ ಕಡೆಯ ಮೂಲೆ ಕಟ್ಟಿ, ಗುಂಡಿ ಹಾಕಿ, ಸುರುಳಿಯನ್ನು ಬಂದ ದಾರಿಯಲ್ಲೇ ಬಿಚ್ಚುತ್ತಾ ಹೋಗಿ. ಮೊದಲ ಸಲ ಗೊಂದಲ ಅನಿಸುತ್ತದೆ, ಆಮೇಲೆ ಕೈಗೆ ಕೂತುಬಿಡುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿ ಕೌದಿ ಇದೆಯಾ ನೋಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಜೋಡಿಸಿ ಹೊಲಿದ ಕೌದಿ ಈ ಹವೆಗೆ ಹೇಳಿ ಮಾಡಿಸಿದ್ದು. ಹೊದಿಕೆ ಬೆಚ್ಚಗಿಡುವುದು ಒಳಗೆ ಸಿಕ್ಕಿಕೊಂಡ ಗಾಳಿಯಿಂದ. ಕೌದಿಯಲ್ಲಿ ಗಾಳಿ ಕಡಿಮೆ, ಹಾಗಾಗಿ ತೂಕ ಇದ್ದರೂ ಸೆಕೆ ಆಗುವುದಿಲ್ಲ. ಅಂಚು ಸವೆದ ಕೌದಿಗೆ ಕುಣಿಕೆ ಹೊಲಿದು ಕವರಿನೊಳಗೆ ಹಾಕಿದರೆ ಒಳ್ಳೆಯ ಡುವೆಟ್ ಆಗುತ್ತದೆ. ಚೆನ್ನಾಗಿರುವ ಕೌದಿಯನ್ನು ಮಾತ್ರ ಕವರಿನಲ್ಲಿ ಮುಚ್ಚಿಡಬೇಡಿ, ಅಷ್ಟು ಕೈಕೆಲಸ ಕಣ್ಣಿಗೆ ಕಾಣಬೇಕು. ಹೊಸ ಕೌದಿ ಹೊಲಿಸುವುದಾದರೆ ಹತ್ತಿ ಸೀರೆಗಳನ್ನೇ ಕೊಡಿ. ಸಿಂಥೆಟಿಕ್ ಸೀರೆಯ ಕೌದಿ ಮೈಕ್ರೋಫೈಬರಿನಂತೆಯೇ ಮೈಗೆ ಅಂಟುತ್ತದೆ.

ಒಗೆಯುವ ವಿಷಯದಲ್ಲಿ ನಮ್ಮ ದೊಡ್ಡ ತೊಂದರೆ ಬೋರ್ ನೀರು. ಗಡಸು ನೀರಿನಲ್ಲಿ ಸೋಪು ಪೂರ್ತಿ ಬಿಡುವುದಿಲ್ಲ, ಬಟ್ಟೆ ಒರಟಾಗುತ್ತದೆ. ಪುಡಿ ಬದಲು ಲಿಕ್ವಿಡ್ ಹಾಕಿ, ಒಂದು ಸಲ ಜಾಸ್ತಿ ಜಾಲಾಡಿಸಿ. ಕಂಫರ್ಟರ್ ಹಾಕಿದ ಮೇಲೂ ಡ್ರಮ್ಮಿನಲ್ಲಿ ಮೂರನೇ ಒಂದು ಭಾಗ ಖಾಲಿ ಉಳಿಯಬೇಕು. ಉಳಿಯದಿದ್ದರೆ ತುರುಕಬೇಡಿ, ಲಾಂಡ್ರಿಗೆ ಕೊಡಿ. ಹತ್ತಿ ತುಂಬಿದ ರಜಾಯಿಯನ್ನು ಮಷಿನ್ನಿಗೆ ಹಾಕಲೇಬೇಡಿ, ಹತ್ತಿ ಗಂಟು ಕಟ್ಟುತ್ತದೆ. ಅದಕ್ಕೆ ಬಿಸಿಲು ಸಾಕು, ಗಂಟಾದರೆ ಹಿಂಜಿಸಿ ಮತ್ತೆ ತುಂಬಿಸಿ.

ಒಣಹಾಕುವಾಗ ಒಂದೇ ಹಗ್ಗದ ಮೇಲೆ ಜೋತು ಬಿಡಬೇಡಿ, ನೀರಿನ ಭಾರಕ್ಕೆ ಹೊಲಿಗೆ ಎಳೆಯುತ್ತದೆ. ಎರಡು ಹಗ್ಗದ ಮೇಲೆ ಹರಡಿ, ನಡುನಡುವೆ ಮಗುಚಿ ಹಾಕಿ. ಮೇಲೆ ಗರಿಗರಿಯಾಗಿದ್ದರೂ ಒಳಗೆ ಹಸಿ ಇರಬಹುದು. ಮಧ್ಯಭಾಗವನ್ನು ಎರಡು ಅಂಗೈ ನಡುವೆ ಒಂದು ನಿಮಿಷ ಒತ್ತಿ ಹಿಡಿಯಿರಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ.

ಮಹಾನವಮಿಗೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯುವ ರೂಢಿ ನಮ್ಮ ಕಡೆ ಇದ್ದೇ ಇದೆ. ಒಳಗಿನ ಡುವೆಟ್ಟನ್ನೂ ಆಗಲೇ ಒಗೆಯಿರಿ. ಚಳಿಗಾಲಕ್ಕೆ ದಪ್ಪದ್ದೊಂದು ಬೇರೆ ಇದ್ದರೆ, ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋದ ಮೇಲೆ ಒಗೆದು ಎತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ಒಣಗಿದ ಬೇವಿನ ಎಲೆ ಇಡಿ. ಮನೆಯಲ್ಲಿ ಹಸುಗೂಸಿದ್ದರೆ ನುಸಿಗುಳಿಗೆ ಬಳಸಲೇಬೇಡಿ, ಅದರ ವಾಸನೆಯೂ ಕೂಸಿನ ರಕ್ತಕ್ಕೆ ಅಪಾಯ ತರಬಹುದು. ವರ್ಷ ತುಂಬದ ಮಗುವಿಗೆ ಡುವೆಟ್ಟಾಗಲಿ ಕಂಫರ್ಟರಾಗಲಿ ಹೊದಿಸಬಾರದು. ಮುಖದ ಮೇಲೆ ಬಿದ್ದರೆ ಅದಕ್ಕೆ ಸರಿಸಿಕೊಳ್ಳಲು ಬರುವುದಿಲ್ಲ.