ಪಿಕಾರ್ನಾವೈರಸ್ ಅಂದ್ರೆ ಏನು?

ನೆಗಡಿ, ಅಂಗನವಾಡಿ ಮಕ್ಕಳ ಅಂಗೈ ಮೇಲೆ ಏಳುವ ಗುಳ್ಳೆ, ಹೊಲಸು ಸೇರಿದ ಬಾವಿ ನೀರಿನಿಂದ ಬರುವ ಕಾಮಾಲೆ, ಪೋಲಿಯೋ. ಇವನ್ನು ತರುವ ವೈರಸ್‌ಗಳೆಲ್ಲ ಒಂದೇ ಕುಟುಂಬದವು ಅಂದರೆ ನಂಬೋದು ಕಷ್ಟ, ಅಲ್ವಾ? ಆ ಕುಟುಂಬದ ಹೆಸರು ಪಿಕಾರ್ನಾವೈರಸ್. ಪಿಕೋ ಅಂದರೆ ತೀರಾ ಸಣ್ಣದು, ಅದರ ಬಾಲಕ್ಕೆ ಆರ್‌ಎನ್‌ಎ (ವೈರಸ್ ಕಟ್ಟುವ ಸೂಚನೆ ಬರೆದಿರುವ ಎಳೆ) ಅಂಟಿಸಿದ್ದಾರೆ, ಅಷ್ಟೇ.

ಎಷ್ಟು ಸಣ್ಣದು? ಅಗಲ ಸುಮಾರು 30 ನ್ಯಾನೋಮೀಟರ್. ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ 33 ಸಾವಿರ ಹಿಡಿಯುತ್ತವೆ. ಒಳಗೆ ಆರ್‌ಎನ್‌ಎಯ ಒಂದೇ ಒಂದು ಎಳೆ, ಹೊರಗೆ ಪ್ರೋಟೀನಿನ ಚಿಪ್ಪು. ನಮ್ಮ ಜೀವಕೋಶದೊಳಗೆ ಹೊಕ್ಕ ಕೂಡಲೇ ಆ ಎಳೆಯನ್ನು ಕೋಶ ತನ್ನದೇ ಅಂದುಕೊಂಡು ಓದಿ ಒಂದು ಉದ್ದನೆಯ ಪ್ರೋಟೀನ್ ಮಾಡಿಕೊಡುತ್ತದೆ, ಆಮೇಲೆ ಅದು ತುಂಡು ತುಂಡಾಗಿ ಹೊಸ ವೈರಸ್‌ಗಳ ಭಾಗಗಳಾಗುತ್ತದೆ.

ಮುಖ್ಯ ವಿಷಯ ಇರುವುದು ಆ ಚಿಪ್ಪಿನಲ್ಲಿ. ಕೊರೊನಾ, ಫ್ಲೂ, ನಮ್ಮ ಸಿದ್ದಾಪುರದ ಕಡೆ ಕಾಡುವ ಮಂಗನ ಕಾಯಿಲೆ, ಇವೂ ಆರ್‌ಎನ್‌ಎ ವೈರಸ್‌ಗಳೇ. ಆದರೆ ಅವುಗಳ ಮೈಮೇಲೆ ಕೊಬ್ಬಿನ ಪೊರೆ ಇದೆ, ಸ್ಯಾನಿಟೈಸರ್ ತಾಗಿದರೆ ಅದು ಒಡೆದುಹೋಗುತ್ತದೆ. ಪಿಕಾರ್ನಾಗಳಿಗೆ ಆ ಪೊರೆಯೇ ಇಲ್ಲ. ಹಾಗಾಗಿ ಸ್ಯಾನಿಟೈಸರ್ ಒಂದನ್ನೇ ನಂಬಿ ಕೂರುವಂತಿಲ್ಲ. ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ಹರಿಯುವ ನೀರಲ್ಲಿ ತೊಳೆದರೆ ಅವು ಕೈಯಿಂದ ಜಾರಿ ಹೋಗುತ್ತವೆ.

ಇನ್ನೊಂದು ವ್ಯತ್ಯಾಸ ಹೊಟ್ಟೆಯ ಆಮ್ಲದ್ದು. ನೆಗಡಿಗೆ ಅತಿ ಹೆಚ್ಚು ಕಾರಣವಾಗುವ ರೈನೋವೈರಸ್‌ಗೆ ಆಮ್ಲ ತಡೆಯಲು ಆಗೋದಿಲ್ಲ. ಅದಕ್ಕೇ ಅದು ಮೈಗಿಂತ ಸ್ವಲ್ಪ ತಂಪಾದ ಮೂಗಿನಲ್ಲೇ ಠಿಕಾಣಿ ಹೂಡುತ್ತದೆ. ಶಿರಸಿ ಮಳೆಯಲ್ಲಿ ನೆನೆದದ್ದಕ್ಕೇ ಶೀತವಾಯ್ತು ಅನ್ನುತ್ತೇವೆ, ಆದರೆ ವೈರಸ್ ಇಲ್ಲದೆ ಸುಮ್ನೆ ನೆನೆದರೆ ನೆಗಡಿ ಬರೋದಿಲ್ಲ. ಬಿಸಿ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆಂಟಿಬಯಾಟಿಕ್ ಮಾತ್ರೆಗೆ ಇಲ್ಲಿ ಕೆಲಸವಿಲ್ಲ.

ಪೋಲಿಯೋ, ಕಾಮಾಲೆ ತರುವ ಹೆಪಟೈಟಿಸ್ ಎ, ಮಕ್ಕಳ ಅಂಗೈಗೆ ಗುಳ್ಳೆ ತರುವ ಕಾಕ್ಸಾಕಿ ವೈರಸ್ ಹಾಗಲ್ಲ. ಆಮ್ಲ ದಾಟಿ ಕರುಳಿಗೆ ಇಳಿಯುತ್ತವೆ, ಮಲದಲ್ಲಿ ಹೊರಬಿದ್ದು ನೀರು ಸೇರುತ್ತವೆ. ಮಳೆಗಾಲದಲ್ಲಿ ಶೌಚದ ಗುಂಡಿ ಪಕ್ಕದ ಬಾವಿಯ ಬಗ್ಗೆ ಹೆದರಿಕೆ ಇರಬೇಕಾದದ್ದು ಇದಕ್ಕೇ. ಕರಾವಳಿಯವರು ಗಮನಿಸಬೇಕಾದ್ದು ಇನ್ನೊಂದಿದೆ: ಬಳಚು, ಕಲ್ವ ಇವೆಲ್ಲ ನೀರನ್ನು ಸೋಸಿ ತಿನ್ನುವ ಚಿಪ್ಪಿನ ಜೀವಿಗಳು, ನೀರು ಕೊಳಕಾಗಿದ್ದರೆ ಹೆಪಟೈಟಿಸ್ ಎ ವೈರಸ್ ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಚಿಪ್ಪು ಬಾಯಿ ಬಿಟ್ಟಿತು ಅಂತ ತಕ್ಷಣ ಇಳಿಸಬೇಡಿ, ಇನ್ನಷ್ಟು ಹೊತ್ತು ಕುದಿಯಲಿ. ಮೈಗೆ ಸೇರಿದ ಮೇಲೆ ಕಾಮಾಲೆ ಕಾಣಿಸಿಕೊಳ್ಳಲು ಸುಮಾರು ನಾಲ್ಕು ವಾರ ಬೇಕು. ಅಷ್ಟರಲ್ಲಿ ಏನು ತಿಂದಿದ್ದೆವು, ಎಲ್ಲಿ ನೀರು ಕುಡಿದಿದ್ದೆವು ಅನ್ನೋದೇ ಮರೆತಿರುತ್ತದೆ.

ಕಾಕ್ಸಾಕಿಯದು ಕೈ-ಕಾಲು-ಬಾಯಿ ರೋಗ. ಮಗುವಿಗೆ ಜ್ವರ, ಆಮೇಲೆ ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆ. ಬಾಯಿ ಹುಣ್ಣಿಗೆ ಅನ್ನ ಮುಟ್ಟೋದಿಲ್ಲ, ತಣ್ಣಗಿನ ಗಂಜಿ, ಮಜ್ಜಿಗೆ ಕೊಡುತ್ತಾ ಇರಬೇಕು, ನೀರಿನಂಶ ಕಡಿಮೆಯಾಗಬಾರದು. ಸೀತಾಳೆ ಸಿಡುಬು ಅಂತ ತಪ್ಪು ತಿಳಿಯುವವರು ಜಾಸ್ತಿ. ಕೆಲವು ಮಕ್ಕಳಿಗೆ ವಾಸಿಯಾದ ಕೆಲವು ವಾರಗಳ ಮೇಲೆ ಉಗುರು ಕಳಚಿ ಬೀಳುವುದುಂಟು, ನೋಡಿದವರು ಗಾಬರಿಯಾಗುತ್ತಾರೆ. ಹೊಸ ಉಗುರು ಬರುತ್ತದೆ. ದನಗಳ ಕಾಲುಬಾಯಿ ಜ್ವರದ ವೈರಸ್ ಕೂಡ ಪಿಕಾರ್ನಾವೇ, ಆದರೆ ಅದು ಬೇರೆ, ಕೊಟ್ಟಿಗೆಯಿಂದ ಮಗುವಿಗೆ ಈ ರೋಗ ಬಂತು ಅನ್ನೋದು ಸರಿಯಲ್ಲ.

ಪೋಲಿಯೋಗೆ ಹನಿ ಇದೆ, ಹೆಪಟೈಟಿಸ್ ಎಗೂ ಲಸಿಕೆ ಇದೆ, ನೆಗಡಿಗೆ ಯಾಕಿಲ್ಲ? ಪೋಲಿಯೋ ವೈರಸ್‌ನಲ್ಲಿ ಇರುವುದು 3 ಬಗೆ. ಭಾರತದಲ್ಲಿ ಪ್ರಕೃತಿಯಲ್ಲಿ ಹರಡುವ ಈ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. ರೈನೋವೈರಸ್‌ನಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ, ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದರ ಹತ್ತಿರ ಹೆಚ್ಚೇನೂ ನಡೆಯೋದಿಲ್ಲ.