ಹೊಂಡಕ್ಕೆ ಒಂದು ಚೀಲ ಉಪ್ಪು ಸುರಿದರೆ ಮೀನಿನ ಹೇನು ಹೋಗುತ್ತದೆಯೇ?

ಪ್ರಶ್ನೆ: ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ರೋಹುವಿನ ಮೈಮೇಲೆ ಹೇನು ಕಾಣಿಸಿಕೊಂಡಿದೆ; ಮೀನುಗಳು ಬದಿಗೆ ಮೈ ಉಜ್ಜುತ್ತಿವೆ. ಒಂದು ಚೀಲ ಉಪ್ಪು ಹಾಕಿದರೆ ಸಾಕು ಎನ್ನುತ್ತಾರೆ. ಕಲ್ಲುಪ್ಪು ಹಾಕಬೇಕೇ, ಪುಡಿಯುಪ್ಪೇ? – ಹೊಳಲ್ಕೆರೆ ತಾಲ್ಲೂಕಿನ ಓದುಗರು

ಎರಡೂ ಬೇಡ. ಹಿರಿಯೂರಿನವರು ಕೇಳಿದರು, ಚನ್ನಗಿರಿಯವರು ಕೇಳಿದರು, ಈಗ ನೀವು. ಬರೀ ಬೇಡ ಎಂದರೆ ಯಾರೂ ನಂಬುತ್ತಿಲ್ಲವಾದ್ದರಿಂದ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಹೊಂಡ 20 ಮೀಟರ್ ಉದ್ದ, ಅಷ್ಟೇ ಅಗಲ, ನೀರು 2 ಮೀಟರ್ ಎಂದುಕೊಳ್ಳಿ. ಬದಿಯ ಇಳಿಜಾರು ಲೆಕ್ಕಿಸದಿದ್ದರೆ 8 ಲಕ್ಷ ಲೀಟರ್ ನೀರು. ಹೇನಿನಂಥ ಪರಾವಲಂಬಿಗಳಿಗೆ ಉಪ್ಪು ತಟ್ಟಬೇಕಾದರೆ 100 ಲೀಟರಿಗೆ 2ರಿಂದ 3 ಕೆಜಿ ಬೇಕು. 3 ಕೆಜಿಯಂತೆ ನಿಮ್ಮ ಹೊಂಡಕ್ಕೆ 24 ಟನ್, ಅಂದರೆ 50 ಕೆಜಿಯ 480 ಚೀಲ. ನೀವು ಸುರಿಯುವುದು ಒಂದು. ಹೇನಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಹಟ ಹಿಡಿದು 480 ಚೀಲವನ್ನೂ ಸುರಿದರೆ ನೀರು ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪಾಗುತ್ತದೆ. ರೋಹು ಸಾಯುತ್ತದೆ, ಅದೇ ನೀರು ಹನಿ ನೀರಾವರಿಯಲ್ಲಿ ಹರಿದರೆ ಅಡಿಕೆಯೂ ಒಣಗುತ್ತದೆ.

ಈ ನಂಬಿಕೆ ಹುಟ್ಟಿದ್ದು ಟಬ್ಬಿನ ಚಿಕಿತ್ಸೆಯಿಂದ. ಉಪ್ಪುನೀರಿನ ಟಬ್ಬಿನಲ್ಲಿ ಮೀನನ್ನು ಒಂದೆರಡು ನಿಮಿಷ ಅದ್ದಿ, ತೇಲಾಡತೊಡಗಿದ ಕೂಡಲೇ ತೆಗೆಯುವ ಕ್ರಮ ನಿಜವೇ. ಕಿವಿರಿನ ಸಣ್ಣ ಹುಳುಗಳಿಗೆ ಅದು ಒಳ್ಳೆಯ ಉಪಾಯ. ಹೇನು ಮಾತ್ರ ಹಲವು ಸಲ ಸಾಯದೆ ಬರೀ ಕಳಚಿಕೊಳ್ಳುತ್ತದೆ. ಆ ನೀರನ್ನು ಮತ್ತೆ ಹೊಂಡಕ್ಕೇ ಚೆಲ್ಲುವ ಮಹನೀಯರಿದ್ದಾರೆ!

ಇಷ್ಟಾದರೂ ಮೊಟ್ಟೆ ಉಳಿದೇ ಇರುತ್ತದೆ. ಹೆಣ್ಣು ಹೇನು ಮೀನನ್ನು ಬಿಟ್ಟು ಹೋಗಿ ಕಲ್ಲು, ಕಡ್ಡಿ, ನಿಮ್ಮ ಹೊಂಡದ ಪ್ಲಾಸ್ಟಿಕ್ ಹಾಳೆ, ಹೀಗೆ ಗಟ್ಟಿಯಾದ ಜಾಗದಲ್ಲಿ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ನಮ್ಮ ಬಿಸಿಲಿಗೆ ಎರಡು ವಾರದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಆದ್ದರಿಂದ ನೀರಿನಲ್ಲಿ ಅಲ್ಲಲ್ಲಿ ಬಿದಿರು ಅಥವಾ ಹಲಗೆ ಇಳಿಬಿಡಿ. ವಾರಕ್ಕೊಮ್ಮೆ ಎತ್ತಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಇಳಿಬಿಡಿ. ಖರ್ಚಿಲ್ಲದ ಕೆಲಸವಾದ್ದರಿಂದಲೋ ಏನೋ ಯಾರೂ ಮಾಡುವುದಿಲ್ಲ. ಬೇಸಿಗೆಯಲ್ಲಿ ಹೊಂಡ ಬರಿದಾದಾಗ ಹಾಳೆಯನ್ನು ಪೊರಕೆಯಿಂದ ಉಜ್ಜಿ ಒಣಗಲು ಬಿಡಿ; ಮಣ್ಣಿನ ಕೊಳವಾದರೆ ಒಣಗಿಸಿ ಸುಣ್ಣ ಹಾಕಿ. ಹೊಸ ಮರಿಗಳನ್ನು ನೋಡಿಯೇ ಕೊಳ್ಳಿ, ಲೆಕ್ಕ ಮೀರಿ ತುಂಬಬೇಡಿ. ಭದ್ರಾ ನಾಲೆಯ ನೀರು ಬಿಟ್ಟುಕೊಳ್ಳುವವರು ನೀರು ಒಳಬರುವ ಬಾಯಿಗೆ ಬಲೆ ಕಟ್ಟಿದರೆ ಹೇನು ಹೊತ್ತ ಕಾಡುಮೀನು ಒಳಬರುವುದಿಲ್ಲ.

ಹೇನು ಹತ್ತಿದ ಮೀನನ್ನು ತಿನ್ನಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಿನ್ನಬಹುದು. ಅದು ಸೀಗಡಿ, ಏಡಿಗಳ ಬಳಗದ ಜೀವಿ. ಮನುಷ್ಯನ ಮೈಯಲ್ಲಿ ಬದುಕುವುದಿಲ್ಲ. ಪೊರೆ ತೆಗೆದು ತೊಳೆದು ಬೇಯಿಸಿದರೆ ಮುಗಿಯಿತು. ನನಗಿರುವ ಭಯ ಬೇರೆ. ಉಪ್ಪು ಕೈಕೊಟ್ಟಾಗ ಕೆಲವರು ತೋಟಕ್ಕೆ ತಂದ ಕೀಟನಾಶಕವನ್ನೇ ಅಂದಾಜಿನಲ್ಲಿ ಸುರಿಯುತ್ತಾರೆ. ಅದು ಹೇನನ್ನು ಕೊಲ್ಲುತ್ತದೆ, ಅಳತೆ ತುಸು ಮೀರಿದರೆ ಮೀನನ್ನೂ ಕೊಲ್ಲುತ್ತದೆ. ಬದುಕುಳಿದ ಮೀನು ಆ ವಾರದ ಸಂತೆಗೇ ಹೋಗುತ್ತದೆ. ಔಷಧಿ ಹಾಕಲೇಬೇಕಾದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಎರಡು ವಿಷಯ ಬರೆಸಿಕೊಳ್ಳಿ: ಎಷ್ಟು ಹಾಕಬೇಕು, ಹಾಕಿದ ಮೇಲೆ ಎಷ್ಟು ದಿನ ಮೀನು ಹಿಡಿಯಬಾರದು.